ಭಾಷೆಯ ಛತ್ರಕ್ಕೆ ಧರ್ಮದರ್ಶಿಗಳು ಯಾರು?

ಧರ್ಮದರ್ಶಿ ಎಂಬ ಪದ ಕಿವಿಗೆ ಬಿದ್ದ ಕೂಡಲೆ ನಮ್ಮ ಕಡೆಯ ಜನಕ್ಕೆ ನೆನಪಾಗುವುದು ದೇವಸ್ಥಾನ. ದೇವರಿಗೆ ಬಂದ ಕಾಣಿಕೆ, ಹುಂಡಿಯ ಬೀಗದ ಕೈ, ಜಾತ್ರೆಯ ಲೆಕ್ಕಪತ್ರ, ಇವುಗಳ ಮೇಲೆ ಕಣ್ಣಿಟ್ಟಿರಬೇಕಾದವನು ಧರ್ಮದರ್ಶಿ. ಧರ್ಮವನ್ನು ನೋಡುವವನು ಎಂದು ಪದದ ಅರ್ಥ; ಹುಂಡಿಯನ್ನು ನೋಡುವವನು ಎಂದು ಊರಿನ ಅನುಭವ. ಅಡತಿ ಅಂಗಡಿಗಳಲ್ಲಿ ಚೀಲಕ್ಕಿಷ್ಟೆಂದು ಧರ್ಮದ ಹೆಸರಿನಲ್ಲಿ ರೈತನ ಪಟ್ಟಿಯಿಂದ ಹಿಡಿದುಕೊಂಡ ಕಾಸು ಯಾವ ಛತ್ರಕ್ಕೆ ಹೋಯಿತು, ಯಾವ ಪಾಠಶಾಲೆಗೆ ಹೋಯಿತು ಎಂದು ಕೇಳಿದ ರೈತನಿಗೆ ಉತ್ತರ ಸಿಕ್ಕಿದ್ದನ್ನು ನಾವು ಕಂಡಿಲ್ಲ. ಈ ಮಾತು ನಮ್ಮ ವರ್ತಕ ಮಿತ್ರರಿಗೆ ಹಿಡಿಸಲಿಕ್ಕಿಲ್ಲ. ಆದರೆ ಸಣ್ಣ ವರ್ತಕರು ಇದರಲ್ಲಿ ಪಾಲುದಾರರಲ್ಲವೆಂಬುದು ನಮಗೆ ಗೊತ್ತು. ಅವರೂ ದೊಡ್ಡ ಪೇಟೆಯ ಧಣಿಗಳ ಪಟ್ಟಿಗೆ ಸಹಿ ಹಾಕಿ ಬಂದವರೇ.

ಈ ವಾರ ನಾವು ಬರೆಯಹೊರಟಿರುವುದು ಇದಕ್ಕಿಂತ ಬಹಳ ದೊಡ್ಡದಾದ ಒಂದು ಧರ್ಮಛತ್ರದ ವಿಷಯ. ಅದರ ಹೆಸರು ಬ್ರಿಟಿಷ್ ಕೌನ್ಸಿಲ್. ತರುಣರಿಗೆ ಭಾಷೆ ಕಲಿಸುವುದು, ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಓದುವಂತೆ ಮಾಡುವುದು, ರಾಷ್ಟ್ರ ರಾಷ್ಟ್ರಗಳ ನಡುವೆ ಸ್ನೇಹ ಬೆಳೆಸುವುದು ತನ್ನ ಕೆಲಸವೆಂದು ಅದು ಹೇಳಿಕೊಳ್ಳುತ್ತದೆ. ಲಂಡನ್ನಿನ ಸಂಸ್ಥೆಯ ಗೊಡವೆ ಗಿರಣಿಯ ನೂಲು ಖಾತೆಯಲ್ಲಿ ನಿಂತವನಿಗೇಕೆ ಎಂದು ಕೇಳಬಹುದು. ಹೇಳುತ್ತೇವೆ. ಗಿರಣಿ ಕಾರ್ಮಿಕನ ಮಗಳು ನರ್ಸಿಂಗ್ ಓದಿ ಮುಗಿಸಿದ್ದಾಳೆ ಎನ್ನಿ. ಇಲ್ಲಿಯ ಖಾಸಗಿ ನರ್ಸಿಂಗ್ ಹೋಮಿನ ಸಂಬಳ ಬಸ್ ಚಾರ್ಜಿಗೂ ಊಟಕ್ಕೂ ಸರಿಹೋಗುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯರು ಬೇಕಾಗಿದ್ದಾರೆಂದು ಕೇಳಿ ಆಕೆ ಅರ್ಜಿ ಹಾಕಲು ಹೊರಡುತ್ತಾಳೆ. ಆಗ ಅವಳ ದಾರಿಗೆ ಅಡ್ಡ ಬರುವುದು ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲೀಷು ಪರೀಕ್ಷೆ. ಬೇರೆ ಒಂದೆರಡು ಪರೀಕ್ಷೆಗಳಿವೆ, ಅವೂ ಅಗ್ಗದವಲ್ಲ. ಈ ಪರೀಕ್ಷೆಯ ಶುಲ್ಕ ಹದಿನೈದು ಸಾವಿರ ರೂಪಾಯಿಗಳನ್ನು ದಾಟಿದೆ. ಒಮ್ಮೆ ಕಟ್ಟಿ ಬೇಕಾದ ಅಂಕ ಬಾರದಿದ್ದರೆ ಮತ್ತೆ ಕಟ್ಟಬೇಕು. ಪಾಸಾದರೂ ಎರಡು ವರ್ಷ ಕಳೆದ ಮೇಲೆ ಆ ಅಂಕಪಟ್ಟಿ ಲೆಕ್ಕಕ್ಕಿಲ್ಲ. ಮನುಷ್ಯ ಕಲಿತ ಭಾಷೆ ಎರಡೇ ವರ್ಷಕ್ಕೆ ಹಳಸಿಹೋಗುವುದೆಂಬ ಶಾಸ್ತ್ರವನ್ನು ಯಾವ ಪಂಡಿತರು ಕಂಡುಹಿಡಿದರೋ!

ಇದು ಸರ್ಕಾರದ ಪರೀಕ್ಷೆಯೆಂದೇ ನಮ್ಮ ಜನ ನಂಬಿದ್ದಾರೆ. ಅಲ್ಲ. ಈ ಪರೀಕ್ಷೆಗೆ ಮೂವರು ಒಡೆಯರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗ ಒಬ್ಬ ಒಡೆಯ, ಐ.ಡಿ.ಪಿ. ಎಂಬ ಆಸ್ಟ್ರೇಲಿಯದ ಕಂಪನಿ, ಅಲ್ಲಿಯ ಶೇರು ಪೇಟೆಯಲ್ಲಿ 2015ರಿಂದ ವಹಿವಾಟಾಗುತ್ತಿರುವುದು, ಇನ್ನೊಬ್ಬ. ಮೂರನೆಯ ಒಡೆಯ ನಮ್ಮ ಈ ಧರ್ಮಸಂಸ್ಥೆ, ಬ್ರಿಟಿಷ್ ಕೌನ್ಸಿಲ್.

ಇದರ ಪೂರ್ವೋತ್ತರವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. 1934ರಲ್ಲಿ ಈ ಸಂಸ್ಥೆ ಹುಟ್ಟಿತು. ಇಟಲಿಯಲ್ಲಿ ಮುಸಲೋನಿ, ಜರ್ಮನಿಯಲ್ಲಿ ಹಿಟ್ಲರ್ ತಮ್ಮ ತಮ್ಮ ಪ್ರಚಾರದ ಕಹಳೆಗಳನ್ನು ದೇಶದೇಶಗಳಲ್ಲಿ ಊದಿಸುತ್ತಿದ್ದ ಕಾಲ. ಅದಕ್ಕೆ ಎದುರಾಗಿ ಇಂಗ್ಲೀಷು ಭಾಷೆ, ಇಂಗ್ಲೀಷು ಪುಸ್ತಕ, ಇಂಗ್ಲೀಷು ನಡೆನುಡಿಗಳ ಪ್ರಚಾರಕ್ಕೊಂದು ಮಂಡಲಿ ಬೇಕೆಂದು ಬ್ರಿಟಿಷ್ ವಿದೇಶಾಂಗ ಖಾತೆ ಇದನ್ನು ಕಟ್ಟಿತು. ಫ್ಯಾಸಿಸಂನ ವಿರುದ್ಧ ಎಂಬುದನ್ನು ನಾವು ಒಪ್ಪಿಕೊಳ್ಳುತ್ತೇವೆ; ಅಷ್ಟರ ಮಟ್ಟಿಗೆ ಅದು ಒಳ್ಳೆಯ ಕೆಲಸವೇ. ಆದರೆ 1937ರಲ್ಲಿ ಅದರ ಅಧ್ಯಕ್ಷ ಪೀಠವನ್ನೇರಿದ ಮಹಾಶಯರು ಯಾರು? ಲಾರ್ಡ್ ಲಾಯ್ಡ್. ಈ ಹೆಸರು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಯ ಹಳಬರ ಮನೆಗಳಲ್ಲಿ ಇಂದಿಗೂ ಮರೆತಿರಲಾರದು. 1918ರ ಕೊನೆಯಿಂದ 1923ರ ಕೊನೆಯವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದವರು ಇವರೇ. ಆ ನಾಲ್ಕು ಕನ್ನಡ ಜಿಲ್ಲೆಗಳು ಆಗ ಇವರ ಅಧೀನ. 1922ರ ಮಾರ್ಚಿಯಲ್ಲಿ ಗಾಂಧೀಜಿಯವರನ್ನು ಸಾಬರಮತಿಯಲ್ಲಿ ಹಿಡಿದು, ಅಹಮದಾಬಾದಿನಲ್ಲಿ ವಿಚಾರಣೆ ನಡೆಸಿ, ಆರು ವರ್ಷ ಸೆರೆಗೆ ಕಳಿಸಿದ್ದು ಇವರ ಆಡಳಿತದಲ್ಲಿ. ಮುಂಬಯಿ ಮುಗಿಸಿಕೊಂಡು ಈಜಿಪ್ಟಿನಲ್ಲಿ ಹೈಕಮಿಷನರಾಗಿ ಕುಳಿತು ಅಲ್ಲಿಯ ರಾಷ್ಟ್ರೀಯ ಪಕ್ಷದವರ ಜೊತೆ ಜಗಳವಾಡಿದರು. ತರುವಾಯ ಜಗತ್ತಿನ ತರುಣರಿಗೆ ಸಂಸ್ಕೃತಿಯ ದಾನ ಮಾಡುವ ಸಂಸ್ಥೆಯ ಹಿರಿಯರಾದರು. ಅವರ ಕಾಲದಲ್ಲಿಯೇ, 1940ರಲ್ಲಿ, ದೊರೆಯ ಸನದು ಈ ಸಂಸ್ಥೆಗೆ ದೊರೆಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೌನ್ಸಿಲ್ಲು ಭಾರತದಲ್ಲಿ ಕಚೇರಿ ತೆರೆಯಿತು. ದಂಡು ಹೋಗಿ ಗ್ರಂಥಾಲಯ ಬಂತು.

ಗ್ರಂಥಾಲಯ ಬಂದುದಕ್ಕೆ ನಾವು ಬೇಸರಪಡುವವರಲ್ಲ. ಬೆಂಗಳೂರಿನ ಅದರ ವಾಚನಾಲಯದಲ್ಲಿ ಕುಳಿತು ಓದಿ ಮುಂದೆ ಬಂದ ಬಡ ವಿದ್ಯಾರ್ಥಿಗಳು ಇದ್ದಾರೆ. ದಂಡಿಗಿಂತ ಪುಸ್ತಕ ಮೇಲೆಂದು ಬೇರೆ ಯಾರೂ ಸಮಾಜವಾದಿಗೆ ಕಲಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಧರ್ಮಸಂಸ್ಥೆಗಳ ಕಾನೂನು ಬಹಳ ಹಳೆಯದು. ಎಲಿಜಬೆತ್ ರಾಣಿಯ ಕಾಲದಲ್ಲಿ, 1601ರಲ್ಲಿ, ಮಾಡಿದ ಕಾಯ್ದೆಯಿಂದ ಅದರ ಮೊದಲು. 1853ರಿಂದ ಅದನ್ನು ನೋಡಿಕೊಳ್ಳಲು ಒಂದು ಆಯೋಗವಿದೆ. ವಿದ್ಯಾಪ್ರಸಾರ ಧರ್ಮಕಾರ್ಯಗಳಲ್ಲಿ ಒಂದೆಂದು ಕಾಯ್ದೆ ಹೇಳುತ್ತದೆ. ಅಂತಹ ಸಂಸ್ಥೆಯ ಯಜಮಾನಿಕೆ ಧರ್ಮದರ್ಶಿಗಳ ಕೈಯಲ್ಲಿ. ಅವರು ಸಂಸ್ಥೆಯ ಉದ್ದೇಶಕ್ಕಲ್ಲದೆ ಬೇರೆ ಯಾವುದಕ್ಕೂ ಅದರ ಹಣವನ್ನು ಮುಟ್ಟಕೂಡದು, ತಮ್ಮ ಲಾಭಕ್ಕೆ ಬಳಸಕೂಡದು, ಸಾಮಾನ್ಯವಾಗಿ ಸಂಬಳವನ್ನೂ ಪಡೆಯಕೂಡದು. ಓದಲು ಇಂಪಾಗಿದೆ. ಬ್ರಿಟಿಷ್ ಕೌನ್ಸಿಲ್ಲಿಗೂ ಇಂತಹದೇ ಧರ್ಮದರ್ಶಿ ಮಂಡಲಿಯಿದೆ. ಅಲ್ಲಿ ವಿದೇಶಾಂಗ ಮಂತ್ರಿ ಹೆಸರಿಸಿದವರಿಗೂ ಒಂದು ಸ್ಥಾನವುಂಟು. ಭಾಷೆ ಕಲಿಯುವವರು ಹೆಸರಿಸಿದವರಿಗೆ? ಕಲಿಸುವ ಮೇಷ್ಟ್ರುಗಳು ಆರಿಸಿ ಕಳಿಸಿದವರಿಗೆ? ಅಂತಹ ಕುರ್ಚಿಯನ್ನು ಸನದು ಇಟ್ಟಿಲ್ಲ.

ಹಣದ ಸಂಗತಿಗೆ ಬರೋಣ. ಧರ್ಮಸಂಸ್ಥೆ ಎಂದರೆ ದಾನಿಗಳು ಕೊಟ್ಟ ಹಣ, ಬಡವರಿಗೆ ಹಂಚಿದ ವಿದ್ಯೆ ಎಂದು ನಾವೆಲ್ಲ ತಿಳಿಯುತ್ತೇವೆ. 2018-19ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಒಟ್ಟು ವರಮಾನ ಸುಮಾರು 125 ಕೋಟಿ ಪೌಂಡು. ಅದರಲ್ಲಿ ಬ್ರಿಟಿಷ್ ಸರ್ಕಾರದ ಅನುದಾನ ನೂರಕ್ಕೆ ಹದಿನೈದರ ಸುಮಾರು. ಉಳಿದುದರ ಬಹುಪಾಲು ಎಲ್ಲಿಯದು? ಇಂಗ್ಲೀಷು ಕಲಿಸಿ ಪಡೆದ ಶುಲ್ಕ, ಇಂಗ್ಲೀಷು ಪರೀಕ್ಷೆ ಮಾಡಿ ಪಡೆದ ಶುಲ್ಕ, ಕಂಟ್ರಾಕ್ಟು ಹಿಡಿದು ಮಾಡಿದ ಕೆಲಸದ ಹಣ. ಅಂದರೆ ಈ ಛತ್ರದಲ್ಲಿ ಊಟ ಮಾಡುವವನೇ ಅಕ್ಕಿ ಬೇಳೆಯನ್ನೂ ತಂದುಕೊಡುತ್ತಾನೆ. ಬಾಗಿಲ ಮೇಲಿನ ಹಲಗೆಯಲ್ಲಿ ಮಾತ್ರ ದಾನಿಯ ಹೆಸರು. ಚೀನಾ, ಅರಬ್ ದೇಶಗಳು, ಪಾಕಿಸ್ತಾನ, ಭಾರತ, ಇಲ್ಲಿಯ ಮಧ್ಯಮ ವರ್ಗದ ಮತ್ತು ಬಡ ಮನೆಗಳ ತಂದೆತಾಯಿಗಳು ಒಡವೆ ಅಡವಿಟ್ಟು ಕಟ್ಟಿದ ಶುಲ್ಕದಿಂದ ಬ್ರಿಟನ್ನಿನ ಕೀರ್ತಿಪತಾಕೆ ನೂರಕ್ಕಿಂತ ಹೆಚ್ಚು ದೇಶಗಳಲ್ಲಿ ಹಾರಿತು.

2020ರಲ್ಲಿ ಕೊರೋನ ಬಂತು. ತರಗತಿಗಳು ಮುಚ್ಚಿದವು, ಪರೀಕ್ಷೆಗಳು ನಿಂತವು, ಶುಲ್ಕದ ಹೊಳೆ ಬತ್ತಿತು. ಆಗ ಬ್ರಿಟಿಷ್ ಸರ್ಕಾರ ತನ್ನ ಸಂಸ್ಥೆಯ ಕೈ ಹಿಡಿಯಿತೇ? ಹಿಡಿಯಿತು, ಸಾಹುಕಾರ ಸಾಲಗಾರನ ಕೈ ಹಿಡಿಯುವ ರೀತಿಯಲ್ಲಿ. ಇಪ್ಪತ್ತು ಕೋಟಿ ಪೌಂಡಿಗೆ ಹತ್ತಿರದ ಸಾಲವನ್ನು ಬಡ್ಡಿಗೆ ಕೊಟ್ಟಿತು. ಆ ಸಾಲದ ಭಾರದಿಂದ ಸಂಸ್ಥೆ ಇನ್ನೂ ಮೇಲೆದ್ದಿಲ್ಲ. ಹಲವು ದೇಶಗಳ ಕಚೇರಿಗಳನ್ನು ಮುಚ್ಚುವುದಾಗಿ 2021ರಲ್ಲಿ ಸಾರಿದರು. ಸಾವಿರಾರು ನೌಕರರ ಹೊಟ್ಟೆಯ ಮೇಲೆ ಕತ್ತರಿ ಆಡಿತು. ಅದೇ ವರ್ಷ ಜುಲೈಯಲ್ಲಿ ಭಾರತದಲ್ಲಿ ತಾನು ನಡೆಸುತ್ತಿದ್ದ ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ವ್ಯವಹಾರವನ್ನು ಕೌನ್ಸಿಲ್ಲು ಐ.ಡಿ.ಪಿ. ಕಂಪನಿಗೆ 13 ಕೋಟಿ ಪೌಂಡಿಗೆ ಮಾರಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸಾವಿರದ ಮುನ್ನೂರು ಕೋಟಿ ರೂಪಾಯಿಗೂ ಮೇಲೆ.

ಓದುಗರು ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಮಾರಿದ್ದು ಏನನ್ನು? ಕಟ್ಟಡವನ್ನಲ್ಲ, ಯಂತ್ರವನ್ನಲ್ಲ. ನಾಳೆ ನಾಡಿದ್ದು ಪರೀಕ್ಷೆಗೆ ಕೂರಲಿರುವ ಭಾರತದ ಲಕ್ಷಾಂತರ ಹುಡುಗ ಹುಡುಗಿಯರಿಂದ ಶುಲ್ಕ ಪಡೆಯುವ ಹಕ್ಕನ್ನು. ಹಿಂದೆ ಜಮೀನಿನ ಜೊತೆಗೆ ಗೇಣಿದಾರನನ್ನೂ ಸೇರಿಸಿ ಒಬ್ಬ ಜಮೀನ್ದಾರ ಇನ್ನೊಬ್ಬನಿಗೆ ಕೊಡುತ್ತಿದ್ದನಲ್ಲ, ಹಾಗೆ. ಗೇಣಿಯ ದರವನ್ನು ಗೇಣಿದಾರ ಕೇಳಿಕೊಂಡಿರಲಿಲ್ಲ. ಇಲ್ಲಿಯೂ ಯಾರೂ ಕೇಳಿಕೊಳ್ಳಲಿಲ್ಲ. ಧರ್ಮದರ್ಶಿಗಳು ಕಾನೂನು ಮೀರಿದರೆಂದು ನಾವು ಹೇಳುತ್ತಿಲ್ಲ. ಸಂಸ್ಥೆಯನ್ನು ಉಳಿಸಿಕೊಳ್ಳುವುದು ಅವರ ಕರ್ತವ್ಯವಾಗಿತ್ತು, ಆಸ್ತಿಯನ್ನು ಒಳ್ಳೆಯ ಬೆಲೆಗೆ ಮಾರಿದರು, ಲೆಕ್ಕ ಇಟ್ಟರು. ಪ್ರಾಮಾಣಿಕರೇ ಇರಬಹುದು. ನಮ್ಮ ತಕರಾರು ಪ್ರಾಮಾಣಿಕತೆಯ ಮೇಲಲ್ಲ. ಕಾನೂನಿನೊಳಗೇ ನಡೆದು, ಪ್ರಾಮಾಣಿಕರೇ ಕೂಡಿ, ಒಂದು ವಿದ್ಯಾದಾನವನ್ನು ಶೇರುಪೇಟೆಯ ಕಂಪನಿಗೆ ವಹಿಸಿಕೊಡಬಹುದಾದರೆ ಆ ಕಾನೂನಿನ ಕಟ್ಟಡದಲ್ಲಿಯೇ ಯಾವುದೋ ಕಂಬ ಇಲ್ಲ.

ಅದೇ 2021ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನಿನ ವಶವಾಯಿತು. ಬ್ರಿಟಿಷ್ ಕೌನ್ಸಿಲ್ಲು ಅಫ್ಘಾನಿಸ್ತಾನದ ಊರೂರುಗಳಲ್ಲಿ ಇಂಗ್ಲೀಷು ಕಲಿಸಲು ಆ ದೇಶದ ಗಂಡಸರು ಹೆಂಗಸರನ್ನು ಉಪಾಧ್ಯಾಯರನ್ನಾಗಿ ಇಟ್ಟುಕೊಂಡಿತ್ತು. ಸಂಸ್ಥೆಯ ಕಚೇರಿ ನೌಕರರನ್ನು ವಿಮಾನದಲ್ಲಿ ಹೊರಕ್ಕೆ ಕರೆತಂದರು. ನೂರಕ್ಕೂ ಹೆಚ್ಚು ಮಂದಿ ಉಪಾಧ್ಯಾಯರು ಅಲ್ಲಿಯೇ ಉಳಿದರು. ಏಕೆಂದರೆ ಅವರು ಗುತ್ತಿಗೆಯವರು, ಸಂಸ್ಥೆಯ ಪಟ್ಟಿಯ ನೌಕರರಲ್ಲ. ಹಳ್ಳಿಗಳಲ್ಲಿ, ತರಗತಿಗಳಲ್ಲಿ, ಜನರ ಕಣ್ಣಿಗೆ ಬ್ರಿಟನ್ನಿನ ಮುಖವಾಗಿ ನಿಂತವರು ಇವರು. ತಾಲಿಬಾನಿಗಳ ಕಣ್ಣಿಗೆ ಮೊದಲು ಬೀಳುವವರೂ ಇವರೇ. ಮನೆ ಬದಲಿಸುತ್ತ, ಅಡಗಿಕೊಂಡು, ಲಂಡನ್ನಿಗೆ ಪತ್ರ ಬರೆಯುತ್ತ ಕುಳಿತರು. 2022ರ ಜೂನಿನಲ್ಲಿ ಬ್ರಿಟಿಷ್ ಸರ್ಕಾರ ಇಂತಹವರು ಅರ್ಜಿ ಹಾಕಬಹುದೆಂದು ಒಂದು ಬಾಗಿಲು ತೆರೆಯಿತು. ಅರ್ಜಿಗಳ ವಿಚಾರಣೆಗೆ ತಿಂಗಳುಗಳಲ್ಲ, ವರ್ಷಗಳು ಹಿಡಿದವು. ಕೆಲವರು ತಲುಪಿದರು. ಕಾದವರು ಕಾದರು.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬದಲಿ ಕಾರ್ಮಿಕನೆಂದರೆ ಯಾರೆಂದು ಅವರಿಗೆ ಗೊತ್ತು. ಅದೇ ಮಗ್ಗ, ಅದೇ ಪಾಳಿ, ಅದೇ ಧೂಳು. ಅಪಘಾತವಾದ ದಿನ ಮಾತ್ರ ಇವನ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಕರಿಹಲಗೆಯ ಮುಂದೆ ನಿಂತು ದಿನ ಕಳೆದ ನಮಗೆ ಆ ಅಫ್ಘಾನ್ ಮೇಷ್ಟ್ರುಗಳ ಸಂಗತಿ ಓದುವಾಗ ಕೈ ಬಿಗಿಯಾಗುತ್ತದೆ. ಅವರಲ್ಲೊಬ್ಬರಾದರೂ, ಅವರು ಆರಿಸಿದವರೊಬ್ಬರಾದರೂ, ಧರ್ಮದರ್ಶಿಗಳ ಮೇಜಿನ ಮುಂದೆ ಕುಳಿತಿದ್ದಿದ್ದರೆ ಪಟ್ಟಿ ಬರೆಯುವ ದಿನ ಆ ನೂರು ಹೆಸರುಗಳು ಬಿಟ್ಟುಹೋಗುತ್ತಿದ್ದವೇ?

ಇಷ್ಟು ಹೇಳಿದ ಮೇಲೆ, ಇಂಗ್ಲೆಂಡಿನ ಮಕ್ಕಳಾದರೂ ಈ ಧರ್ಮದಿಂದ ಹೊಟ್ಟೆ ತುಂಬಿಕೊಂಡರೋ ಎಂದು ನೋಡಿದರೆ ಅಲ್ಲಿಯೂ ಕಥೆ ಬೇರೆಯಲ್ಲ. ಜಗತ್ತಿಗೆಲ್ಲ ಪರಭಾಷೆಯಾಗಿ ಇಂಗ್ಲೀಷನ್ನು ಮಾರುವ ದೇಶ ತನ್ನ ಮಕ್ಕಳಿಗೆ ಪರಭಾಷೆ ಬೇಡವೆಂದಿತು. 2004ರಲ್ಲಿ ಇಂಗ್ಲೆಂಡಿನ ಸರ್ಕಾರ ಹದಿನಾಲ್ಕು ವರ್ಷ ದಾಟಿದ ಮಕ್ಕಳಿಗೆ ಪರಭಾಷಾ ಕಲಿಕೆ ಕಡ್ಡಾಯವಲ್ಲವೆಂದು ಮಾಡಿತು. 2002ರಲ್ಲಿ ಅಲ್ಲಿ ನೂರಕ್ಕೆ 76 ಮಕ್ಕಳು ಹದಿನಾರನೆಯ ವಯಸ್ಸಿನ ಪರೀಕ್ಷೆಗೆ ಒಂದು ಪರಭಾಷೆಯನ್ನು ಬರೆಯುತ್ತಿದ್ದರು. 2011ರ ಹೊತ್ತಿಗೆ ಅದು 40ಕ್ಕೆ ಇಳಿದಿತ್ತು. ಇಳಿದವರು ಯಾರ ಮಕ್ಕಳು? ದೊಡ್ಡ ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆಗಳಲ್ಲಿ ಫ್ರೆಂಚು, ಜರ್ಮನ್, ಸ್ಪಾನಿಷ್ ತರಗತಿಗಳು ನಡೆದೇ ಇವೆ. ಕಡಿಮೆಯಾದದ್ದು ಬಡವರ ಬೀದಿಗಳ ಸರ್ಕಾರಿ ಶಾಲೆಗಳಲ್ಲಿ. ಇದನ್ನು ನಾವು ಕಟ್ಟಿ ಹೇಳುತ್ತಿಲ್ಲ. ಇದೇ ಬ್ರಿಟಿಷ್ ಕೌನ್ಸಿಲ್ಲು ವರ್ಷವರ್ಷ ಮಾಡಿಸುವ ಶಾಲಾ ಪರಿಶೀಲನೆಗಳು ಮತ್ತೆ ಮತ್ತೆ ಹೇಳಿದ ಮಾತು. ಗಾಯವನ್ನು ಅಳೆಯುವುದರಲ್ಲಿ ಆ ಸಂಸ್ಥೆ ನಿಪುಣವೆಂದು ಒಪ್ಪಬೇಕು.

ಯುರೋಪಿನ ವಿದ್ಯಾರ್ಥಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಓದುವ ಇರಾಸ್ಮಸ್ ಯೋಜನೆ 1987ರಲ್ಲಿ ಮೊದಲಾಯಿತು. ಬ್ರಿಟನ್ನಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಕೌನ್ಸಿಲ್ಲೂ ಒಂದು. ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ ಬ್ರಿಟಿಷ್ ಸರ್ಕಾರ ಇದನ್ನೂ ಬಿಟ್ಟು, 2021ರಲ್ಲಿ ತನ್ನದೇ ಬೇರೆ ಯೋಜನೆ ತಂದಿತು. ಆ ಯೋಜನೆಯಲ್ಲಿ ಬ್ರಿಟನ್ನಿನ ಮಕ್ಕಳು ಹೊರಗೆ ಹೋಗಲು ಹಣವಿತ್ತು. ಹೊರಗಿನವರು ಒಳಗೆ ಬರಲು ಇರಲಿಲ್ಲ. ಒಂದೇ ಕಡೆಯ ಬೀಗತನ! ಮತ್ತೆ ಹಳೆಯ ಯೋಜನೆಗೇ 2027ರಿಂದ ಸೇರುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿದ್ದಾರೆ. ಸರ್ಕಾರ ಬಾಗಿಲು ಹಾಕಿದ ವರ್ಷಗಳಲ್ಲಿ ಕಾಲೇಜಿಗೆ ಬಂದ ತರುಣರ ಪಾಲಿಗೆ ಆ ಅವಕಾಶ ಮತ್ತೆ ಬರುವುದಿಲ್ಲ, ಅಷ್ಟೆ.

ಆದ್ದರಿಂದ ಭಾಷೆಯ ಪ್ರಶ್ನೆ ಬರೀ ಭಾಷೆಯ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ ಶ್ರೀಮಂತನ ಮಗನಿಗೆ ಪರಭಾಷೆಯುಂಟು, ಗಣಿಗಾರನ ಮೊಮ್ಮಗನಿಗಿಲ್ಲ. ನಮ್ಮಲ್ಲಿ ಶ್ರೀಮಂತನ ಮಗನಿಗೆ ಇಂಗ್ಲೀಷುಂಟು, ಗಿರಣಿಯವನ ಮಗನಿಗೆ ಅದಿಲ್ಲದೆ ಕೆಲಸವಿಲ್ಲ. ಒಂದೇ ಕೋಲು; ಅಲ್ಲಿ ಭಾಷೆಯನ್ನು ಕೊಡದೆ ಹೊಡೆಯುತ್ತಾರೆ, ಇಲ್ಲಿ ಭಾಷೆಯನ್ನು ಕೇಳಿ ಹೊಡೆಯುತ್ತಾರೆ. ಡಾಕ್ಟರ್ ಲೋಹಿಯಾ ಅವರು ಇಂಗ್ಲೀಷು ತೊಲಗಲಿ ಎಂದು ಚಳವಳಿ ಹೂಡಿದಾಗ ಪತ್ರಿಕೆಗಳು ಅವರನ್ನು ಕೂಪಮಂಡೂಕವೆಂದು ಹಂಗಿಸಿದವು. ಆ ಕೂಪಮಂಡೂಕ ಬರ್ಲಿನ್ನಿಗೆ ಹೋಗಿ ಡಾಕ್ಟರ್ ಪದವಿ ಪಡೆದು 1933ರಲ್ಲಿ ಹಿಂದಿರುಗಿದವರು. ಅಲ್ಲಿಯ ಪ್ರಾಧ್ಯಾಪಕರು ತಮಗೆ ಇಂಗ್ಲೀಷು ಬಾರದೆಂದು ಹೇಳಲಾಗಿ, ಕೆಲವೇ ತಿಂಗಳಲ್ಲಿ ಜರ್ಮನ್ ಕಲಿತು ಬಂದು ಅವರ ಮುಂದೆ ನಿಂತರೆಂಬ ಪ್ರಸಂಗವನ್ನು ಪಕ್ಷದ ಹಳಬರು ಇಂದಿಗೂ ಹೇಳುತ್ತಾರೆ. ಪರಭಾಷೆಯನ್ನು ಕಲಿಯಬೇಡಿರೆಂದು ಅವರು ಎಂದೂ ಹೇಳಲಿಲ್ಲ. ಕಚೇರಿ, ಕೋರ್ಟು, ಶಾಸನಸಭೆ, ಪಾಠಶಾಲೆಗಳಲ್ಲಿ ಜನರ ಭಾಷೆ ಕೂರಬೇಕು. ಪರಭಾಷೆ ಕಿಟಕಿಯಾಗಿರಲಿ, ಬಾಗಿಲ ಮುಂದೆ ಕೂತು ಸುಂಕ ಕೇಳುವ ಕಟ್ಟೆಯಾಗಬಾರದು. ಇಷ್ಟೇ ನಮ್ಮ ಪಕ್ಷದ ನಿಲುವು. ಹದಿನೈದು ಸಾವಿರದ ಪರೀಕ್ಷೆ ಸುಂಕದ ಕಟ್ಟೆಯಲ್ಲದೆ ಮತ್ತೇನು?

ಕುರ್ಚಿಗಳ ಮಾತಿಗೆ ತಿರುಗಿ ಬರುತ್ತೇವೆ. ಇಂಗ್ಲೆಂಡ್ ವೇಲ್ಸುಗಳಲ್ಲಿ ಧರ್ಮದರ್ಶಿಗಳಾಗಿರುವವರು ಯಾರೆಂದು ಅಲ್ಲಿಯ ಆಯೋಗ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಒಬ್ಬ ಹೆಂಗಸಿಗೆ ಇಬ್ಬರು ಗಂಡಸರು. ನೂರಕ್ಕೆ 92 ಮಂದಿ ಬಿಳಿಯರು. ಬಹುಪಾಲು ವಯಸ್ಸಾದವರು, ವರಮಾನದಲ್ಲಿಯೂ ಓದಿನಲ್ಲಿಯೂ ಸಾಮಾನ್ಯ ಜನಕ್ಕಿಂತ ಮೇಲಿನವರು. ಆಶ್ಚರ್ಯವೇನೂ ಇಲ್ಲ. ಸಂಬಳವಿಲ್ಲದ ಸೇವೆ ಎಂಬುದು ಕೇಳಲು ತ್ಯಾಗ. ನಡೆಯಲ್ಲಿ ಅದು ಸಂಬಳ ಬೇಕಾದವನನ್ನು ಹೊರಗಿಡುವ ಬೇಲಿ. ನಡುಹಗಲಿನ ಸಭೆಗೆ ಎರಡನೆಯ ಪಾಳಿಯವನು ಹೇಗೆ ಬಂದಾನು? ಅಂಗಡಿ ಬಾಗಿಲು ಹಾಕಿಕೊಂಡು ಕಿರಾಣಿ ವ್ಯಾಪಾರಿ ಹೇಗೆ ಬಂದಾನು? ಗಾಂಧೀಜಿ ಶ್ರೀಮಂತರನ್ನು ಕುರಿತು, ನಿಮ್ಮ ಸಂಪತ್ತಿಗೆ ನೀವು ಒಡೆಯರಲ್ಲ, ಧರ್ಮದರ್ಶಿಗಳು ಎಂದು ತಿಳಿಯಿರಿ ಎಂದರು. ಬಾಪೂ ಅವರ ಮೇಲೆ ನಮಗೆ ಅಪಾರ ಗೌರವವುಂಟು. ಆದರೆ ಶ್ರೀಮಂತರು ಆ ಮಾತಿನ ಮೊದಲ ಅರ್ಧವನ್ನು ಮರೆತು ಎರಡನೆಯ ಅರ್ಧವನ್ನು ಮಾತ್ರ ತೆಗೆದುಕೊಂಡರು. ಊರಿಗೊಂದು ಟ್ರಸ್ಟು ಮಾಡಿ ಧರ್ಮದರ್ಶಿಗಳಾದರು.

ಬೇರೆ ದಾರಿಯೇ ಇಲ್ಲವೆಂದು ಯಾರೂ ಹೇಳಬಾರದು. ಗಿರಣಿಯವರ ಕೈಯಲ್ಲೇ ಉದಾಹರಣೆಯಿದೆ. ಪ್ರಾವಿಡೆಂಟ್ ಫಂಡು! 1952ರ ಕಾಯ್ದೆ ಆ ನಿಧಿಯ ಕೇಂದ್ರ ಧರ್ಮದರ್ಶಿ ಮಂಡಲಿಯಲ್ಲಿ ಸರ್ಕಾರದವರ ಜೊತೆಗೆ ಮಾಲೀಕರ ಹತ್ತು ಮಂದಿ, ಕಾರ್ಮಿಕರ ಹತ್ತು ಮಂದಿ ಕೂರಬೇಕೆಂದು ಬರೆದಿಟ್ಟಿತು. ಆ ಹತ್ತು ಮಂದಿ ಏನು ಮಾಡಿದರು, ಸರ್ಕಾರ ಅವರ ಮಾತನ್ನು ಎಷ್ಟು ಕೇಳಿತು ಎಂಬುದು ಬೇರೆಯ ಜಗಳ; ಆ ಜಗಳವನ್ನು ಈ ಪುಟಗಳಲ್ಲಿಯೇ ಆಡುತ್ತೇವೆ. ಆದರೆ ನೌಕರನ ದುಡ್ಡು ಇರುವಲ್ಲಿ ನೌಕರನ ಕುರ್ಚಿ ಇರಬೇಕೆಂಬ ತತ್ವವನ್ನು ಕಾನೂನು ಒಪ್ಪಿತು. ಇಂಗ್ಲೆಂಡಿನಲ್ಲೇ 1903ರಲ್ಲಿ ಕಾರ್ಮಿಕರ ವಿದ್ಯಾಭ್ಯಾಸ ಸಂಘ ಹುಟ್ಟಿದ್ದು ಯಾವ ಲಾರ್ಡ್ ಮಹಾಶಯರಿಂದಲೂ ಅಲ್ಲ. ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಎಂಬಾತ ಹೆಂಡತಿಯೊಡನೆ ಕೂಡಿ ಅದನ್ನು ಮೊದಲು ಮಾಡಿದ. ಕಾರ್ಮಿಕ ಸಂಘಗಳೂ ಸಹಕಾರ ಸಂಘಗಳೂ ಅದಕ್ಕೆ ಹೆಗಲು ಕೊಟ್ಟವು. ಪ್ಯಾರಿಸ್ಸಿನಲ್ಲಿ 1883ರಲ್ಲಿ ಹುಟ್ಟಿದ ಅಲಿಯಾನ್ಸ್ ಫ್ರಾನ್ಸೇಸ್ ಕೂಡ ಆಯಾ ದೇಶದ ಕಾನೂನಿನಂತೆ ಆಯಾ ಊರಿನ ಸಂಘವಾಗಿ, ಊರಿನವರದೇ ಸಮಿತಿಯಿಂದ ನಡೆಯುವುದೆಂಬ ಕ್ರಮ ಇಟ್ಟುಕೊಂಡಿದೆ. ಅಲ್ಲಿಯ ಸಮಿತಿಯಲ್ಲಿಯೂ ದೊಡ್ಡ ಮನೆಗಳವರೇ ಇರಬಹುದು, ನಾವು ಅದರ ವಕೀಲರಲ್ಲ. ಇನ್ನು ನಮ್ಮ ಕನ್ನಡ ಸಾಹಿತ್ಯ ಪರಿಷತ್ತು. 1915ರಲ್ಲಿ ಸ್ಥಾಪನೆಯಾದ ಅದರ ಅಧ್ಯಕ್ಷರನ್ನು ನಾಡಿನ ತುಂಬ ಇರುವ ಸದಸ್ಯರು ಓಟು ಹಾಕಿ ಆರಿಸುತ್ತಾರೆ. ಓಟಿನ ಗಲಾಟೆ, ಜಾತಿಯ ಲೆಕ್ಕಾಚಾರ, ಜೀಪುಗಳ ಓಡಾಟ ಎಲ್ಲವೂ ಇವೆ. ಸಭ್ಯರು ಮೂಗು ಮುರಿಯುತ್ತಾರೆ. ಮುರಿಯಲಿ. ಆ ಗಲಾಟೆ ನಮ್ಮದು. ಗಲಾಟೆಯಿಲ್ಲದ ಮೇಜು ಬೇಕಾದರೆ ಲಂಡನ್ನಿನಲ್ಲಿದೆ.

ಲಂಡನ್ನಿನವರನ್ನು ಕೇಳುವ ಮೊದಲು ಮನೆಯಂಗಳ ನೋಡಿಕೊಳ್ಳಿ ಎಂದು ಯಾರಾದರೂ ಅಂದರೆ ನಾವು ಅದನ್ನು ಒಪ್ಪುತ್ತೇವೆ. ನಮ್ಮ ಜಿಲ್ಲೆಯಲ್ಲಿ ಇಂಗ್ಲೀಷು ಮಾಧ್ಯಮದ ಶಾಲೆಗಳು ಬೀದಿಬೀದಿಗೆ ಎದ್ದಿವೆ. ಕೆಲವಕ್ಕೆ ಅಂತರರಾಷ್ಟ್ರೀಯ ಶಾಲೆ ಎಂಬ ಫಲಕವೂ ಉಂಟು. ಪಕ್ಕದ ತಾಲ್ಲೂಕಿನಿಂದ ಬಂದ ಬಸ್ಸನ್ನು ಬಿಟ್ಟರೆ ಅಂತರರಾಷ್ಟ್ರೀಯವಾದುದು ಅಲ್ಲಿ ಯಾವುದೂ ಕಾಣದು. ಒಂದೊಂದು ಶಾಲೆಯ ಹಿಂದೆಯೂ ಒಂದೊಂದು ಟ್ರಸ್ಟು, ಕಾಗದದ ಮೇಲೆ ಧರ್ಮಾರ್ಥ. ಅನೇಕ ಕಡೆ ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಅಳಿಯ ಖಜಾಂಚಿ. ಧರ್ಮದರ್ಶಿಗಳ ಸಭೆ ಮನೆಯ ಊಟದ ಪಂಕ್ತಿಯಲ್ಲೇ ಮುಗಿಯುತ್ತದೆ. ಡೊನೇಷನ್ ಎಂಬ ಹೆಸರಿನಲ್ಲಿ ರಸೀತಿಯಿಲ್ಲದೆ ಪಡೆದ ಹಣಕ್ಕೆ ಲೆಕ್ಕ ಕೇಳುವವರಿಲ್ಲ. ಪಾಠ ಹೇಳುವ ಹೆಣ್ಣುಮಗಳ ಸಂಬಳ ಗಿರಣಿಯ ಕಸಗುಡಿಸುವವರ ಕೂಲಿಗಿಂತ ಕಡಿಮೆ. ಪ್ರಾಥಮಿಕ ತರಗತಿಗಳಲ್ಲಿ ತಾಯ್ನುಡಿಯಲ್ಲಿ ಪಾಠ ನಡೆಯಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಹೊರಡಿಸಿದ ಆಜ್ಞೆಯ ಮೇಲೆ ದಾವೆ ಹೂಡಿದವರು ಶಾಲೆಗಳ ಆಡಳಿತ ಮಂಡಲಿಗಳವರು. ಇಪ್ಪತ್ತು ವರ್ಷ ನಡೆದ ವ್ಯಾಜ್ಯದ ಕೊನೆಗೆ, 2014ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಅವರ ಕಡೆಗೆ ತೀರ್ಪಿತ್ತಿತು. ಮಾಧ್ಯಮವನ್ನು ಆರಿಸಿಕೊಳ್ಳುವುದು ತಂದೆತಾಯಿಗಳ ಸ್ವಾತಂತ್ರ್ಯ ಎಂಬುದು ಅಲ್ಲಿ ಬಂದ ವಾದ. ತಂದೆತಾಯಿಗಳಿಗೆ ಮಾಧ್ಯಮ ಆರಿಸುವ ಸ್ವಾತಂತ್ರ್ಯ ಉಂಟಾದರೆ, ಸ್ವಾಮಿ, ತಾವು ಶುಲ್ಕ ಕಟ್ಟುವ ಟ್ರಸ್ಟಿನ ಧರ್ಮದರ್ಶಿಗಳಲ್ಲಿ ಒಬ್ಬಿಬ್ಬರನ್ನಾದರೂ ಆರಿಸುವ ಸ್ವಾತಂತ್ರ್ಯ ಏಕಿಲ್ಲ?

ನಮ್ಮ ಕೋರಿಕೆ ದೊಡ್ಡದಲ್ಲ. ವಿದ್ಯಾಭ್ಯಾಸದ ಹೆಸರಿನಲ್ಲಿ ತೆರಿಗೆ ವಿನಾಯಿತಿ ಪಡೆಯುವ ಯಾವ ಧರ್ಮಸಂಸ್ಥೆಯೇ ಇರಲಿ, ಲಂಡನ್ನಿನದಾಗಲಿ ನಮ್ಮ ಬಸ್‌ಸ್ಟ್ಯಾಂಡಿನ ಹಿಂದಿನದಾಗಲಿ, ಅದರ ಧರ್ಮದರ್ಶಿಗಳಲ್ಲಿ ಮೂರರಲ್ಲೊಂದು ಪಾಲನ್ನು ಕಲಿಯುವವರೂ ಅವರ ಪೋಷಕರೂ ಓಟು ಹಾಕಿ ಆರಿಸಬೇಕು. ಇನ್ನೊಂದು ಪಾಲನ್ನು ಅಲ್ಲಿ ಕಲಿಸುವವರು, ಗುತ್ತಿಗೆಯವರನ್ನೂ ಸೇರಿಸಿ, ಆರಿಸಬೇಕು. ಉಳಿದ ಪಾಲಿನಲ್ಲಿ ದಾನಿಗಳು, ದೊಡ್ಡವರು, ಪಂಡಿತರು ಕೂರಲಿ. ಸಭೆಗೆ ಬಂದ ದಿನದ ಕೂಲಿಯನ್ನು ಸಂಸ್ಥೆ ಕಟ್ಟಿಕೊಡಲಿ. ಹುಡುಗರು ಲೆಕ್ಕ ಅರಿಯರೆಂದು ಕೆಲವರು ನಗಬಹುದು. ಇಂಗ್ಲೆಂಡಿನ ಕಾನೂನಿನಲ್ಲಿಯೇ ಕಂಪನಿಯ ರೂಪದ ಧರ್ಮಸಂಸ್ಥೆಗೆ ಹದಿನಾರು ತುಂಬಿದವರು ಧರ್ಮದರ್ಶಿಗಳಾಗಬಹುದೆಂದಿದೆ. ಕಾನೂನು ಬಾಗಿಲು ತೆರೆದಿದೆ, ಒಳಗಿರುವವರು ಚಿಲಕ ಹಾಕಿಕೊಂಡಿದ್ದಾರೆ.

ಒಂದು ವಿಷಯದಲ್ಲಿ ಇಂಗ್ಲೆಂಡಿನವರು ನಮಗಿಂತ ಮುಂದೆ ಇದ್ದಾರೆಂದು ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿಯ ಧರ್ಮಸಂಸ್ಥೆಗಳ ದಫ್ತರನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಧರ್ಮದರ್ಶಿಗಳ ಹೆಸರು, ವರ್ಷದ ಆದಾಯ, ವೆಚ್ಚ, ಅರುವತ್ತು ಸಾವಿರ ಪೌಂಡಿಗೆ ಮೇಲ್ಪಟ್ಟು ಸಂಬಳ ಪಡೆಯುವ ನೌಕರರು ಎಷ್ಟು ಮಂದಿ ಎಂಬುದು, ಎಲ್ಲವೂ ಅಲ್ಲಿರುತ್ತದೆ. ಬ್ರಿಟಿಷ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ 209131. ಇಂಗ್ಲೀಷು ಬಲ್ಲ ಹುಡುಗರು ನಮ್ಮ ಓದುಗರ ಮನೆಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಕಿಸೆಯಲ್ಲಿರುವ ಫೋನಿನಲ್ಲೇ ಅದನ್ನು ತೆರೆದು ಅಪ್ಪನಿಗೆ ಓದಿ ಹೇಳಲಿ. ಅದಾದ ಮೇಲೆ ಅದೇ ಹುಡುಗರು ತಮ್ಮ ತಮ್ಮ ಶಾಲೆಯ ಟ್ರಸ್ಟಿನ ಕಚೇರಿಗೆ ಹೋಗಿ, ಕಳೆದ ವರ್ಷದ ಜಮಾಖರ್ಚು ತೋರಿಸಿ ಎಂದು ಕೇಳಲಿ. ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕುತ್ತೇವೆ.